ಟಾರ್ಚ್ ಹಿಡಿದು ಬಂಡೆ ಬೆಳಗುವುದು: ಗಂಗಾವತಿ ಸೀಮೆಯವರಿಗೊಂದು ಲೈಟ್ ಪೇಂಟಿಂಗ್ ಮಾರ್ಗದರ್ಶಿ

ಕತ್ತಲಲ್ಲಿ ಕ್ಯಾಮೆರಾದ ಶಟರನ್ನು, ಅಂದರೆ ಬೆಳಕನ್ನು ಒಳಬಿಡುವ ಬಾಗಿಲನ್ನು, ಅರ್ಧ ನಿಮಿಷವೋ ಎರಡು ನಿಮಿಷವೋ ತೆರೆದಿಟ್ಟು, ಅಷ್ಟು ಹೊತ್ತಿನಲ್ಲಿ ಕೈಯಲ್ಲಿರುವ ದೀಪದಿಂದ ಚಿತ್ರ ಕಟ್ಟುವುದೇ ಲೈಟ್ ಪೇಂಟಿಂಗ್. ಇದರಲ್ಲಿ ಎರಡು ಬಗೆ. ದೀಪವನ್ನು ಕ್ಯಾಮೆರಾದ ಕಡೆಗೇ ತಿರುಗಿಸಿ ಗಾಳಿಯಲ್ಲಿ ಗೆರೆ ಎಳೆಯುವುದು ಒಂದು. ದೀಪವನ್ನು ಬಂಡೆ, ಮರ, ಗೊಂಬೆಯಂಥ ವಸ್ತುವಿನ ಮೇಲೆ ಹಾಯಿಸಿ, ಬೇಕಾದ ಭಾಗವನ್ನಷ್ಟೇ ಬೆಳಗುವುದು ಇನ್ನೊಂದು. ಮೊಬೈಲುಗಳಲ್ಲಿ ಹೆಚ್ಚು ಹರಿದಾಡುವುದು ಮೊದಲ ಬಗೆಯ ಚಿತ್ರಗಳು. ನನ್ನ ಒಲವು ಎರಡನೆಯದರ ಕಡೆಗೆ. ಆನೆಗೊಂದಿ, ಸಣಾಪುರ, ಗಂಗಾವತಿ ಸುತ್ತಲಿನ ಬಂಡೆಗಳನ್ನು ಹಗಲಿನಲ್ಲಿ ತೆಗೆಯದವರೇ ಇಲ್ಲ. ಸೂರ್ಯ ಎಲ್ಲರಿಗೂ ಒಂದೇ ಕಡೆಯಿಂದ ಬೆಳಗುತ್ತಾನೆ. ರಾತ್ರಿ ಬೆಳಕು ಯಾವ ಕಡೆಯಿಂದ ಬರಬೇಕೆಂದು ಹೇಳುವವರು ನೀವು.

ಮೊದಲು ಇಷ್ಟು ಮನದಟ್ಟಾಗಲಿ

ಹಗಲಿನ ಛಾಯಾಗ್ರಹಣದಲ್ಲಿ ಶಟರ್, ಅಪರ್ಚರ್ (ಲೆನ್ಸಿನೊಳಗಿನ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಅಳತೆ) ಮೂರೂ ಸೇರಿ ಇಡೀ ಚಿತ್ರದ ಬೆಳಕನ್ನು ನಿರ್ಧರಿಸುತ್ತವೆ. ಇಲ್ಲಿ ಆ ಲೆಕ್ಕ ಎರಡಾಗಿ ಒಡೆಯುತ್ತದೆ. ಗಾಳಿಯಲ್ಲಿ ಓಡುವ ದೀಪ ಚಿತ್ರದ ಯಾವುದೇ ಒಂದು ಬಿಂದುವಿನ ಮೇಲೆ ಬೀಳುವುದು ಕ್ಷಣಮಾತ್ರ. ಶಟರ್ 10 ಸೆಕೆಂಡ್ ತೆರೆದಿರಲಿ, 5 ನಿಮಿಷ ತೆರೆದಿರಲಿ, ಆ ಗೆರೆಯ ಹೊಳಪು ಅಷ್ಟೇ. ಅದನ್ನು ಹೆಚ್ಚು ಕಡಿಮೆ ಮಾಡುವುದು ಅಪರ್ಚರ್, ಐಎಸ್‌ಒ ಮತ್ತು ನಿಮ್ಮ ಕೈಯ ವೇಗ. ಶಟರ್ ತೆರೆದಿರುವ ಸಮಯ ಆಳುವುದು ಆಕಾಶ, ದೂರದ ಊರಿನ ದೀಪ, ಬೆಳದಿಂಗಳು ಬಿದ್ದ ನೆಲವನ್ನು. ಅಂದರೆ ನೀವು ಇದ್ದರೂ ಇಲ್ಲದಿದ್ದರೂ ಅಲ್ಲಿರುವ ಬೆಳಕನ್ನು.

ಇದು ತಿಳಿದರೆ ತಿದ್ದುವುದು ಸುಲಭ. ಗೆರೆ ಸುಟ್ಟ ಹಾಗೆ ಬೆಳ್ಳಗಾಗಿದೆಯೇ? ಅಪರ್ಚರನ್ನು ಎಫ್ 8ರಿಂದ ಎಫ್ 11ಕ್ಕೆ ಕಿರಿದಾಗಿಸಿ, ಅಥವಾ ಕೈಯನ್ನು ಬೇಗ ಓಡಿಸಿ. ಗೆರೆ ಸರಿಯಾಗಿದ್ದು ಆಕಾಶ ಮಾತ್ರ ಕಪ್ಪಾಗಿದೆಯೇ? ಉಳಿದದ್ದನ್ನು ಮುಟ್ಟದೆ ಶಟರಿನ ಸಮಯವನ್ನು ದುಪ್ಪಟ್ಟು ಮಾಡಿ. ಎರಡೂ ಮಂಕಾಗಿದ್ದರೆ ಮಾತ್ರ ಐಎಸ್‌ಒ ಏರಿಸಿ. ಹೊಸಬರು ಚಿತ್ರ ಕೆಟ್ಟಾಗಲೆಲ್ಲ ಮೂರನ್ನೂ ಒಟ್ಟಿಗೆ ತಿರುವುತ್ತಾರೆ. ಆಮೇಲೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯುವುದಿಲ್ಲ.

ಏನೇನು ಬೇಕು

ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನುವಲ್ ವಿಧಾನವಿರುವ ಯಾವ ಕ್ಯಾಮೆರಾವಾದರೂ ನಡೆಯುತ್ತದೆ. ಹಳೆಯ ಡಿಎಸ್‌ಎಲ್‌ಆರ್ ಮತ್ತು ಅದರ ಜೊತೆಗೇ ಬಂದ 18–55 ಮಿಲಿಮೀಟರ್ ಲೆನ್ಸ್ ಧಾರಾಳವಾಗಿ ಸಾಕು. ಬಹುತೇಕ ಕ್ಯಾಮೆರಾಗಳಲ್ಲಿ ಶಟರಿನ ಮಿತಿ 30 ಸೆಕೆಂಡ್. ಅದಕ್ಕಿಂತ ಹೆಚ್ಚು ಬೇಕಾದರೆ ಬಲ್ಬ್ ವಿಧಾನ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವುದು) ಮತ್ತು ಒಂದು ರಿಮೋಟ್ ಬೇಕು. ಮೊಬೈಲಿನಲ್ಲಾದರೆ ಪ್ರೊ ವಿಧಾನ ನೋಡಿ. ಹಲವು ಫೋನುಗಳು ಅದರಲ್ಲಿ 30 ಸೆಕೆಂಡಿನವರೆಗೆ ಬಿಡುತ್ತವೆ. ಕೆಲವಲ್ಲಿ ಲೈಟ್ ಪೇಂಟಿಂಗ್‌ಗೆಂದೇ ಬೇರೆ ವಿಧಾನವಿರುತ್ತದೆ, ಗೆರೆ ಮೂಡುವುದನ್ನು ಪರದೆಯ ಮೇಲೆ ನೋಡುತ್ತಲೇ ಇರಬಹುದು.

ಟ್ರೈಪಾಡ್ ವಿಷಯದಲ್ಲಿ ಜಿಪುಣತನ ಬೇಡ. ನಮ್ಮ ಗುಡ್ಡಗಳ ಮೇಲೆ ಸಂಜೆಯ ಗಾಳಿ ಜೋರು. ನಡುವಿನ ಕಂಬವನ್ನು ಮೇಲೆತ್ತದೆ, ಅದರ ಕೊಕ್ಕೆಗೆ ಚೀಲವನ್ನು ನೆಲಕ್ಕೆ ತಾಗುವಂತೆ ತೂಗುಹಾಕಿ. ತಾಗದೆ ತೂಗಾಡುವ ಚೀಲ ಇಲ್ಲದಿರುವುದೇ ಲೇಸು.

ದೀಪಗಳಿಗೆ ಪೇಟೆಯ ಅಂಗಡಿ ಸಾಕು. ಸಣ್ಣ ಎಲ್‌ಇಡಿ ಟಾರ್ಚ್, ಸೈಕಲ್‌ಗೆ ಕಟ್ಟುವ ದೀಪ, ಬ್ಯಾಟರಿಯಿಂದ ಉರಿಯುವ ಸೀರಿಯಲ್ ಸೆಟ್, ಬಣ್ಣದ ಜಿಲೇಟಿನ್ ಕಾಗದ, ರಬ್ಬರ್ ಬ್ಯಾಂಡ್, ಕಪ್ಪು ರಟ್ಟಿನ ತುಂಡು, ಬಿಳಿ ಪಂಚೆಯ ಒಂದು ಚೂರು. ದೇವರ ಮನೆಯ ಊದುಬತ್ತಿಯೂ ಒಳ್ಳೆಯ ಕುಂಚವೇ: ಎಫ್ 4, ಐಎಸ್‌ಒ 800 ಇಟ್ಟು ನಿಧಾನವಾಗಿ ಎಳೆದರೆ ಕೂದಲೆಳೆಯಂಥ ಕೆಂಪು ಗೆರೆ ಸಿಗುತ್ತದೆ. ಭಾರಿ ಶಕ್ತಿಯ ಟಾರ್ಚಿಗೆ ದುಡ್ಡು ಸುರಿಯಬೇಡಿ. ಈ ಕೆಲಸಕ್ಕೆ ಮಂದ ಬೆಳಕೇ ಮೇಲು, ಏಕೆಂದರೆ ಅದು ಯೋಚಿಸಲು ಸಮಯ ಕೊಡುತ್ತದೆ.

ಮೊದಲ ಪಾಠ: ಮನೆಯೊಳಗೆ, ಒಂದು ಕಿನ್ನಾಳ ಗೊಂಬೆ

ಮೊದಲ ದಿನವೇ ಗುಡ್ಡ ಹತ್ತುವ ಉತ್ಸಾಹಕ್ಕೆ ಕಡಿವಾಣ ಹಾಕಿ. ಕಿಟಕಿ ಮುಚ್ಚಿದ ಕೋಣೆ, ಒಂದು ಮೇಜು, ಹಿಂದೆ ಕಪ್ಪು ಬಟ್ಟೆ ಇದ್ದರೆ ಆಯಿತು. ಕೊಪ್ಪಳ ಜಿಲ್ಲೆಯ ಮನೆಯಲ್ಲಿ ಕಿನ್ನಾಳದ ಬಣ್ಣದ ಮರದ ಗೊಂಬೆ, ಗರುಡನೋ ಗೌರಿಯೋ, ಇರುವ ಸಂಭವ ಹೆಚ್ಚು. ಇಲ್ಲದಿದ್ದರೆ ತಾಮ್ರದ ತಂಬಿಗೆಯಾದರೂ ಸರಿ.

ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಕೋಣೆಯ ದೀಪ ಉರಿಯುತ್ತಿರುವಾಗಲೇ ಗೊಂಬೆಯ ಕಣ್ಣಿನ ಮೇಲೆ ಫೋಕಸ್ ಮಾಡಿ. ಫೋಕಸ್ ಕೂತ ಕೂಡಲೇ ಲೆನ್ಸಿನ ಗುಂಡಿಯನ್ನು ಮ್ಯಾನುವಲ್‌ಗೆ ಸರಿಸಿ. ಇಲ್ಲವಾದರೆ ಕತ್ತಲಲ್ಲಿ ಕ್ಯಾಮೆರಾ ಮತ್ತೆ ಫೋಕಸ್ ಹುಡುಕಲು ಹೊರಡುತ್ತದೆ. ಕೈನಡುಕ ಸರಿದೂಗಿಸುವ ಲೆನ್ಸಿನ ಸ್ಟೆಬಿಲೈಸೇಶನನ್ನು ಆಫ್ ಮಾಡಿ. ಐಎಸ್‌ಒ 100, ಎಫ್ 8, 30 ಸೆಕೆಂಡ್, ರಾ ಕಡತ (ಕ್ಯಾಮೆರಾ ತಿದ್ದದ ಮೂಲ ಚಿತ್ರ), 2 ಸೆಕೆಂಡಿನ ಟೈಮರ್. ದೀಪ ಆರಿಸಿ, ಟಾರ್ಚ್ ಹಚ್ಚದೆಯೇ ಒಂದು ಚಿತ್ರ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿ ಬರಬೇಕು. ಬರದಿದ್ದರೆ ಬಾಗಿಲ ಸಂದಿನಿಂದಲೋ ಇನ್‌ವರ್ಟರಿನ ಸಣ್ಣ ದೀಪದಿಂದಲೋ ಬೆಳಕು ಸೋರುತ್ತಿದೆ ಎಂದರ್ಥ, ಮುಚ್ಚಿ.

ಈಗ ಟಾರ್ಚಿನ ಬಾಯಿಗೆ ರಟ್ಟನ್ನು ಸುರುಳಿ ಸುತ್ತಿ ಬೆಳಕು ಅಡ್ಡಾದಿಡ್ಡಿ ಚೆಲ್ಲದಂತೆ ಮಾಡಿ. ಮೊದಲ ಚಿತ್ರದಲ್ಲಿ ಕ್ಯಾಮೆರಾದ ಪಕ್ಕದಲ್ಲೇ ನಿಂತು ನೇರವಾಗಿ ಬೆಳಗಿ. ಗೊಂಬೆ ಪಾಸ್‌ಪೋರ್ಟ್ ಫೋಟೋದ ಹಾಗೆ ಚಪ್ಪಟೆಯಾಗಿ ಬರುತ್ತದೆ. ಎರಡನೆಯದರಲ್ಲಿ ಮೇಜಿನ ಎಡಕ್ಕೆ ಹೋಗಿ, ಬೆಳಕು ಗೊಂಬೆಯ ಮೈಯನ್ನು ಸವರಿಕೊಂಡು ಹೋಗುವಂತೆ 5 ಸೆಕೆಂಡ್ ಹಾಯಿಸಿ. ಮೂರನೆಯದರಲ್ಲಿ ಹಿಂದಿನಿಂದ, ಟಾರ್ಚ್ ಗೊಂಬೆಯ ಮರೆಯಲ್ಲಿರುವಂತೆ ಹಿಡಿದು, ಕಿರೀಟದ ಮತ್ತು ರೆಕ್ಕೆಯ ಅಂಚನ್ನು ಮಾತ್ರ ಬೆಳಗಿ. ಮೂರನ್ನೂ ಒಟ್ಟಿಗೆ ನೋಡಿದರೆ ಈ ವಿದ್ಯೆಯ ಅರ್ಧ ಭಾಗ ಕೈವಶವಾದಂತೆ.

ಕಿನ್ನಾಳ ಗೊಂಬೆಯ ಮೈ ಮಿರುಗುವಂಥದ್ದು. ಬರಿಯ ಟಾರ್ಚ್ ಹಿಡಿದರೆ ಹೊಟ್ಟೆಯ ಮೇಲೆ, ಮೂಗಿನ ತುದಿಯಲ್ಲಿ ಬಿಳಿ ಚುಕ್ಕೆಗಳು ಸಾಲುಗಟ್ಟಿ ಕೂರುತ್ತವೆ. ನೀವು ಕೈ ಎಲ್ಲೆಲ್ಲಿ ತಡೆದಿರೋ ಅಲ್ಲೆಲ್ಲ ಒಂದೊಂದು. ಟಾರ್ಚಿನ ಬಾಯಿಗೆ ಪಂಚೆಯ ಚೂರನ್ನು ಎರಡು ಮಡಿಕೆ ಮಾಡಿ ಕಟ್ಟಿ, ಕೈಯನ್ನು ಒಂದು ಕ್ಷಣವೂ ನಿಲ್ಲಿಸದೆ ಆಡಿಸಿ. ಚುಕ್ಕೆಗಳು ಕರಗಿ ಮೆತ್ತನೆಯ ಹೊಳಪಾಗುತ್ತವೆ. ದೂರದ ಲೆಕ್ಕವನ್ನೂ ಇಲ್ಲೇ ಕಲಿಯಿರಿ: ಟಾರ್ಚನ್ನು ಒಂದು ಅಡಿಯಿಂದ ಎರಡು ಅಡಿಗೆ ಸರಿಸಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟೇ ಬೆಳಕು ಬೇಕಾದರೆ ನಾಲ್ಕು ಪಟ್ಟು ಹೊತ್ತು ಹಾಯಿಸಬೇಕು.

ಗಾಳಿಯಲ್ಲಿ ಬರೆಯುವುದು

ಇದಕ್ಕೆ ಮನೆಯ ಮಾಳಿಗೆ ಒಳ್ಳೆಯ ಜಾಗ. ಕಪ್ಪು ಬಟ್ಟೆ ತೊಟ್ಟು ಚಿತ್ರದ ಚೌಕಟ್ಟಿನೊಳಗೆ ನಿಲ್ಲಿ. ಒಂದೇ ಕಡೆ ಮರದಂತೆ ನಿಲ್ಲದೆ ಓಡಾಡುತ್ತಿದ್ದರೆ ಚಿತ್ರದಲ್ಲಿ ನೀವು ಕಾಣುವುದಿಲ್ಲ. ಐಎಸ್‌ಒ 100, ಎಫ್ 8ರಿಂದ ಎಫ್ 11. ಟಾರ್ಚಿನ ಮುಖ ಲೆನ್ಸಿನ ಕಡೆಗೇ ಇರಲಿ. ತಪ್ಪಿ ಓರೆಯಾದರೆ ಗೆರೆ ಆ ಭಾಗದಲ್ಲಿ ತೆಳುವಾಗುತ್ತದೆ.

ಕೆಲವರಿಗೆ ಒಂದು ವಿಚಿತ್ರ ಎದುರಾಗುತ್ತದೆ: ಗೆರೆ ಅಖಂಡವಾಗಿ ಬಾರದೆ ಚುಕ್ಕೆ ಚುಕ್ಕೆಯಾಗಿ ಬರುತ್ತದೆ. ಎಷ್ಟೋ ಅಗ್ಗದ ಎಲ್‌ಇಡಿ ಟಾರ್ಚುಗಳು ಮಂದ ಬೆಳಕಿನ ಸ್ಥಿತಿಯಲ್ಲಿ ದೀಪವನ್ನು ಅತಿ ವೇಗವಾಗಿ ಹಚ್ಚಿ ಆರಿಸುತ್ತಿರುತ್ತವೆ. ಕಣ್ಣಿಗೆ ತಿಳಿಯದು, ಓಡುವ ಕೈಗೆ ಗುಟ್ಟು ರಟ್ಟಾಗುತ್ತದೆ. ಕರೆಂಟಿಗೆ ಚುಚ್ಚಿದ ಸೀರಿಯಲ್ ಸೆಟ್ಟೂ ಹೀಗೆಯೇ. ಟಾರ್ಚನ್ನು ಪೂರ್ಣ ಬೆಳಕಿಗಿಟ್ಟು ಬಟ್ಟೆಯಿಂದ ಮಂದ ಮಾಡಿದರೆ ಸಾಮಾನ್ಯವಾಗಿ ಗೆರೆ ಕೂಡಿಕೊಳ್ಳುತ್ತದೆ. ಅಥವಾ ಚುಕ್ಕೆಗಳನ್ನೇ ಬಳಸಿಕೊಳ್ಳಿ. 1910ರ ದಶಕದಲ್ಲಿ ಅಮೆರಿಕದ ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಕಾರ್ಮಿಕರ ಕೈಗೆ ಪುಟ್ಟ ದೀಪ ಕಟ್ಟಿ, ಅದು ಬೇಕೆಂದೇ ಮಿನುಗುವಂತೆ ಮಾಡಿ ಕೆಲಸದ ಚಲನೆಯನ್ನು ಅಳೆಯುತ್ತಿದ್ದರು. ಚುಕ್ಕೆಗಳ ನಡುವಿನ ಅಂತರವೇ ಅವರಿಗೆ ಗಡಿಯಾರ. ನಿಮ್ಮ ಗೆರೆಯಲ್ಲೂ ಚುಕ್ಕೆ ಒತ್ತಾದಲ್ಲಿ ಕೈ ನಿಧಾನವಾಗಿದೆ, ದೂರವಾದಲ್ಲಿ ಓಡಿದೆ.

ಇನ್ನು ಅಕ್ಷರ. ಕನ್ನಡದ ದುಂಡು ಅಕ್ಷರಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ, ಎಷ್ಟೋ ಅಕ್ಷರಗಳನ್ನು ಕೈ ಎತ್ತದೆ ತಿರುವಬಹುದು. ಪೇಚು ಒತ್ತಕ್ಷರದ್ದು. ‘ಕನ್ನಡ’ ಎಂದು ಬರೆಯುವಾಗ ನಡುವಿನ ನಕಾರದ ಒತ್ತಿಗೆ ಸೊಂಟದ ಮಟ್ಟಕ್ಕಿಂತ ಕೆಳಗೆ ಜಾಗ ಉಳಿಸಿಕೊಂಡಿರಬೇಕು. ಆದ್ದರಿಂದ ಮೂಲ ಅಕ್ಷರಗಳನ್ನು ತಲೆಯ ಎತ್ತರದಲ್ಲಿ ಬರೆಯಿರಿ. ಒಂದು ಅಕ್ಷರ ಮುಗಿದ ಕೂಡಲೇ ಹೆಬ್ಬೆರಳಿನಿಂದ ಟಾರ್ಚಿನ ಬಾಯಿ ಮುಚ್ಚಿ, ಬಲಕ್ಕೆ ಒಂದು ಹೆಜ್ಜೆ ಇಟ್ಟು ಮುಂದಿನದನ್ನು ಶುರು ಮಾಡಿ. ಗುಂಡಿ ಒತ್ತಿ ಆರಿಸಲು ಹೋದರೆ ಕೈ ಅಲುಗಿ ಅಕ್ಷರಕ್ಕೆ ಬಾಲ ಬರುತ್ತದೆ. ತಲಕಟ್ಟು, ಕೊಂಬು ಬಿಡಿಯಾಗಿ ಬಂದರೂ ಇದೇ ಉಪಾಯ. ಅಕ್ಷರ ಎಲ್ಲಿಂದ ಎಲ್ಲಿಗೆಂದು ನೆಲದಲ್ಲಿ ಸುಣ್ಣದಿಂದ ಗುರುತು ಹಾಕಿಕೊಳ್ಳುವುದು ಜಾಣತನ.

ಕ್ಯಾಮೆರಾಕ್ಕೆ ಮುಖಮಾಡಿ ಎಂದಿನಂತೆ ಬರೆದದ್ದು ಚಿತ್ರದಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರವನ್ನು ಅಡ್ಡಲಾಗಿ ತಿರುವಿದರೆ ಸರಿಹೋಗುತ್ತದೆ. ಹಿನ್ನೆಲೆ ಬರಿಯ ಕತ್ತಲಾದರೆ ಯಾರಿಗೂ ಗೊತ್ತಾಗದು. ಹಿಂದೆ ಅಂಜನಾದ್ರಿ ಕಾಣುತ್ತಿದ್ದರೆ ಮಾತ್ರ ಈ ಉಪಾಯ ಬೇಡ; ಬೆಟ್ಟದ ಮೆಟ್ಟಿಲು ತಪ್ಪು ದಿಕ್ಕಿಗೆ ಹೊರಳಿದ್ದನ್ನು ಆನೆಗೊಂದಿಯ ಚಿಕ್ಕ ಹುಡುಗನೂ ಪತ್ತೆಹಚ್ಚುತ್ತಾನೆ. ಅಂಥಲ್ಲಿ ತಿರುವುಮುರುವಾಗಿಯೇ ಬರೆಯಲು ಅಭ್ಯಾಸ ಮಾಡಬೇಕು.

ಹೊರಗೆ ಹೊರಡುವ ಮೊದಲು

ದಿನ ಆರಿಸಲು ಗೋಡೆಯ ಪಂಚಾಂಗ ಸಾಕು. ಶುದ್ಧ ಅಷ್ಟಮಿಯ ಆಸುಪಾಸಿನಲ್ಲಿ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ, ಬಹುಳ ಅಷ್ಟಮಿಯಲ್ಲಿ ನಡುರಾತ್ರಿಗೆ ಏಳುತ್ತಾನೆ. ಕಲಿಯುವವರಿಗೆ ಶುದ್ಧ ಅಷ್ಟಮಿಯಿಂದ ದ್ವಾದಶಿಯವರೆಗಿನ ಸಂಜೆಗಳು ಅನುಕೂಲ: ನೆಲ ಕಾಲಿಗೆ ಕಾಣುವಷ್ಟು ಬೆಳದಿಂಗಳು ಇರುತ್ತದೆ, ಟಾರ್ಚಿನ ಕೆಲಸವನ್ನು ನುಂಗುವಷ್ಟು ಇರುವುದಿಲ್ಲ. ಹುಣ್ಣಿಮೆಯಲ್ಲಿ ಐಎಸ್‌ಒ 400, ಎಫ್ 5.6, 30 ಸೆಕೆಂಡ್ ಇಟ್ಟರೆ ಬಯಲು ಹಗಲಿನಂತೆ ಬರತೊಡಗುತ್ತದೆ. ಐಎಸ್‌ಒ 100ಕ್ಕೆ ಇಳಿಸಿದರಷ್ಟೇ ರಾತ್ರಿ ರಾತ್ರಿಯಂತೆ ಕಾಣುತ್ತದೆ. ಅಮಾವಾಸ್ಯೆಯ ಕತ್ತಲು ನಕ್ಷತ್ರ ಬೇಕೆನ್ನುವವರಿಗೆ.

ಕಾಲವೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳದ ರಾತ್ರಿಯೂ ಕಾದಿರುತ್ತದೆ. ಬೆಳಕು ಹಿಡಿಯುವ ಸೆನ್ಸರ್ ಬಿಸಿಯಾದಷ್ಟೂ ಉದ್ದದ ಎಕ್ಸ್‌ಪೋಶರಿನಲ್ಲಿ, ಅಂದರೆ ಶಟರ್ ಬಹಳ ಹೊತ್ತು ತೆರೆದಿಟ್ಟ ಚಿತ್ರದಲ್ಲಿ, ಕೆಂಪು, ನೀಲಿ ಚುಕ್ಕೆಗಳು ಹೆಚ್ಚು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಕಾಲುವೆಯ ಬಯಲಿನಲ್ಲಿ ಇಬ್ಬನಿ ಲೆನ್ಸಿನ ಮೇಲೆ ಕೂರುತ್ತದೆ, ಒರೆಸಲು ಬಟ್ಟೆ ಇರಲಿ.

ಜಾಗದ ವಿಷಯದಲ್ಲಿ ನಿಷ್ಠುರವಾಗಿ ಹೇಳಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕಗಳಿಗೆ ಪ್ರವೇಶ ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ನಕ್ಷತ್ರಗಳ ಕೆಳಗೆ ಬೆಳಗಬೇಕೆಂಬ ಆಸೆ ಯಾರಿಗೆ ಹುಟ್ಟುವುದಿಲ್ಲ? ಬರಹದ ಅನುಮತಿಯಿಲ್ಲದೆ ಆ ಆಸೆ ಬಿಡಿ. ಆ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುವುದೂ ಉಂಟು. ಇನ್ನೊಂದು ಸಂಗತಿ: 2019ರಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಯಾಸೆಗೆ ಒಡೆದರು. ಇಂಥ ಸೀಮೆಯಲ್ಲಿ ನಡುರಾತ್ರಿ ಬಂಡೆಗಳ ನಡುವೆ ದೀಪ ಕುಣಿದರೆ ಊರಿನವರು ನಿಮ್ಮನ್ನು ಕಲಾವಿದರೆಂದು ಭಾವಿಸುವುದಿಲ್ಲ. ಪರಿಚಯದ ರೈತರ ಹೊಲದಂಚಿನ ಬಂಡೆಯನ್ನೇ ಆರಿಸಿ. ಅವರಿಗೂ ಪೊಲೀಸ್ ಠಾಣೆಗೂ ಮೊದಲೇ ತಿಳಿಸಿ, ನಾಲ್ವರಾದರೂ ಒಟ್ಟಿಗೆ ಹೋಗಿ, ಊರಿನ ಕೂಗಳತೆ ದಾಟಬೇಡಿ. ಹಗಲಿನಲ್ಲೇ ಒಮ್ಮೆ ಹೋಗಿ ಬಿರುಕು, ಹುತ್ತ, ಜಾರುವ ಕಲ್ಲು, ಬಾಯಿ ತೆರೆದ ಬಾವಿ ಎಲ್ಲಿವೆಯೆಂದು ನೋಡಿಕೊಂಡು ಬನ್ನಿ. ಕಾಲಿಗೆ ಬೂಟು ಕಡ್ಡಾಯ.

ಬಂಡೆಯನ್ನು ಬೆಳಗುವ ಕ್ರಮ

ಕತ್ತಲಾಗುವ ಮೊದಲೇ ಕ್ಯಾಮೆರಾ ನಿಲ್ಲಿಸಿ, ಬಂಡೆಯ ಮೇಲೆ ಫೋಕಸ್ ಕೂರಿಸಿ, ಫೋಕಸ್ ಉಂಗುರಕ್ಕೆ ಒಂದು ಚೂರು ಟೇಪ್ ಅಂಟಿಸಿಬಿಡಿ. ತಡವಾಗಿ ಬಂದಿದ್ದರೆ ಜೊತೆಯವರು ಬಂಡೆಯ ಬಿರುಕಿನ ಮೇಲೆ ಟಾರ್ಚ್ ಹಿಡಿಯಲಿ. ಪರದೆಯನ್ನು 10 ಪಟ್ಟು ಹಿಗ್ಗಿಸಿ ಆ ಬಿರುಕು ಚೂಪಾಗುವವರೆಗೆ ಉಂಗುರ ತಿರುಗಿಸಿ. ಡಿಎಸ್‌ಎಲ್‌ಆರ್ ಆದರೆ ಕಣ್ಣಿಡುವ ಕಿಂಡಿಯನ್ನು ಮುಚ್ಚಿ, ಹಿಂದಿನಿಂದ ಹಾದ ಟಾರ್ಚಿನ ಬೆಳಕು ಅಲ್ಲಿಂದ ಒಳನುಗ್ಗುತ್ತದೆ.

ಟಾರ್ಚ್ ಹಚ್ಚದೆ ಹಿನ್ನೆಲೆಯ ಚಿತ್ರ ತೆಗೆಯಿರಿ. ಆಕಾಶ ನಿಮಗೆ ಹಿಡಿಸುವವರೆಗೆ ಶಟರ್ ಸಮಯವನ್ನು ಮಾತ್ರ ಬದಲಿಸಿ. ಗಂಗಾವತಿ, ಹೊಸಪೇಟೆ ದಿಕ್ಕಿನ ಆಕಾಶದಲ್ಲಿ ಊರಿನ ದೀಪಗಳ ಮಬ್ಬು ಇರುತ್ತದೆ. ಅದು ಬಂಡೆಯ ಹಿಂದೆ ಬಂದರೆ ಅಂಚನ್ನು ಚೆನ್ನಾಗಿ ಎತ್ತಿಹಿಡಿಯುತ್ತದೆ, ತಪ್ಪಿಸಬೇಕಾಗಿಲ್ಲ. ನಕ್ಷತ್ರಗಳು ಚುಕ್ಕೆಯಾಗಿಯೇ ಉಳಿಯಬೇಕಾದರೆ 18 ಮಿಲಿಮೀಟರ್ ಲೆನ್ಸಿನಲ್ಲಿ 15ರಿಂದ 20 ಸೆಕೆಂಡ್ ದಾಟಬೇಡಿ. 2 ನಿಮಿಷ ಬಿಟ್ಟರೆ ನಕ್ಷತ್ರ ಅರ್ಧ ಡಿಗ್ರಿ, ಅಂದರೆ ಹುಣ್ಣಿಮೆಯ ಚಂದ್ರನ ಅಗಲದಷ್ಟು, ಸರಿದಿರುತ್ತದೆ. ಗೆರೆಗಳೇ ಬೇಕಾದರೆ ಉತ್ತರಕ್ಕೆ ತಿರುಗಿ: ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 15 ಡಿಗ್ರಿ ಮೇಲೆ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಎತ್ತರದಲ್ಲಿದೆ. ಅಷ್ಟು ತಗ್ಗಿನಲ್ಲಿರುವುದರಿಂದ ಬಂಡೆಯ ತಲೆಯ ಮೇಲೆಯೇ ಅದನ್ನು ಕೂರಿಸಬಹುದು.

ಈಗ ಟಾರ್ಚ್. ಕ್ಯಾಮೆರಾದಿಂದ ನೋಡಿದರೆ ಬಂಡೆಯ ಪಕ್ಕಕ್ಕೆ, ಚೌಕಟ್ಟಿನ ಹೊರಗೆ ನಿಲ್ಲಿ. ಬೆಳಕು ಕಲ್ಲಿನ ಮೈಗೆ ಓರೆಯಾಗಿ ತಾಗಲಿ. ಸುಮಾರು 250 ಕೋಟಿ ವರ್ಷಗಳ ಹಳೆಯ ಗ್ರಾನೈಟ್ ಇದು. ಬಿಸಿಲು ಮಳೆಗೆ ಸಿಪ್ಪೆ ಎದ್ದ ಅಂಚು, ಮಳೆನೀರು ಇಳಿದ ಕಪ್ಪು ಪಟ್ಟೆ, ಹರಳುಗಳ ಒರಟು, ಎಲ್ಲ ಓರೆ ಬೆಳಕಿನಲ್ಲಿ ಮಾತ್ರ ಎದ್ದು ಬರುತ್ತವೆ. ಕೆಳಗಿನಿಂದ ಮೇಲಕ್ಕೆ ನಿಧಾನ ಹಾಯಿಸಿ, ತುದಿ ತಲುಪುವಾಗ ಇನ್ನಷ್ಟು ನಿಧಾನ. ಮೇಲಿನ ಭಾಗ ನಿಮ್ಮಿಂದ ದೂರವಿರುವುದರಿಂದ ಬೆಳಕು ಕಡಿಮೆ ತಲುಪುತ್ತದೆ. ಹತ್ತಿರದ ಬುಡಕ್ಕೆ ಒಮ್ಮೆ ತೇಲಿಸಿದರೆ ಸಾಕು. ಬಂಡೆಯ ಎಲ್ಲ ಮುಖಗಳನ್ನೂ ಬೆಳಗುವ ಆಸೆ ಬೇಡ. ಒಂದು ಕಡೆ ಕಪ್ಪಾಗಿಯೇ ಉಳಿದರೆ ಬಂಡೆ ದುಂಡಾಗಿ ಕಾಣುತ್ತದೆ.

ಬಣ್ಣದ ಬಗ್ಗೆ ಒಂದು ಕಿವಿಮಾತು. ಬಿಳಿ ಎಲ್‌ಇಡಿ ಬೆಳಕಿನಲ್ಲಿ ನಮ್ಮ ಕಲ್ಲು ಬೂದಿ ಮೆತ್ತಿದಂತೆ ಕಾಣುತ್ತದೆ. ಟಾರ್ಚಿಗೆ ಕಿತ್ತಳೆ ಬಣ್ಣದ ಜಿಲೇಟಿನ್ ಕಟ್ಟಿ, ಬಣ್ಣದ ಛಾಯೆ ಸರಿಹೊಂದಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು 3,500 ಕೆಲ್ವಿನ್ ಸುತ್ತಮುತ್ತ ಇಡಿ. ಕಲ್ಲು ಸಹಜ ಬಣ್ಣಕ್ಕೆ ಬರುತ್ತದೆ, ಆಕಾಶ ತಾನಾಗಿ ನೀಲಿಗೆ ತಿರುಗುತ್ತದೆ. ಹಸಿರು, ನೇರಳೆ ಬಣ್ಣಗಳನ್ನು ಬಂಡೆಗೆ ಬಳಿಯುವವರಿದ್ದಾರೆ. ಮದುವೆ ಮಂಟಪ ಆದೀತು. ಆದರೆ ಅದು ಅವರವರ ಇಷ್ಟ.

ಚಿತ್ರ ಮುಗಿದ ಮೇಲೂ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ಮನೆ ಕೂತರೆ ಗಾಬರಿ ಬೇಡ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಚಾಲೂ ಇದ್ದರೆ ಅದು ಶಟರ್ ಮುಚ್ಚಿ ಇನ್ನೊಂದು ಕಪ್ಪು ಚಿತ್ರ ತೆಗೆದು, ಬಿಸಿ ಚುಕ್ಕೆಗಳನ್ನು ಮೊದಲನೆಯದರಿಂದ ಕಳೆಯುತ್ತಿರುತ್ತದೆ. ಬೇಸಿಗೆಯಲ್ಲಿ ಇದನ್ನು ಆಫ್ ಮಾಡಬೇಡಿ.

ಗೋಲ, ಕಿಡಿ, ನೀರು

ಬೆಳಕಿನ ಗೋಲ ಮಾಡಲು ಸೈಕಲ್ ದೀಪವನ್ನು ಮೂರಡಿ ಹಗ್ಗಕ್ಕೆ ಭದ್ರವಾಗಿ ಕಟ್ಟಿ. ನೆಲದಲ್ಲಿ ಒಂದು ಕಲ್ಲಿಟ್ಟು, ದೀಪ ಪ್ರತಿ ಸುತ್ತಿನಲ್ಲೂ ಆ ಕಲ್ಲಿನ ಮೇಲೆಯೇ ಇಳಿದು ಏಳುವಂತೆ ಕವಣೆ ಬೀಸಿದ ಹಾಗೆ ಲಂಬವಾಗಿ ತಿರುಗಿಸಿ. ತಿರುಗಿಸುತ್ತಲೇ ಕಲ್ಲಿನ ಸುತ್ತ ಪುಟ್ಟ ಹೆಜ್ಜೆಗಳಲ್ಲಿ ಸರಿಯಿರಿ. ಅರ್ಧ ಸುತ್ತು ಬಂದರೂ ಗೋಲ ತುಂಬುತ್ತದೆ. ಕೈಯ ಎತ್ತರ ಬದಲಾದರೆ ಅದು ಕುಂಬಳಕಾಯಿಯ ಆಕಾರಕ್ಕೆ ಹೋಗುತ್ತದೆ.

ಸ್ಟೀಲ್ ವೂಲ್ (ನವಿರಾದ ಉಕ್ಕಿನ ಎಳೆಗಳ ಉಂಡೆ) ಸುಟ್ಟು ಕಿಡಿ ಹಾರಿಸುವ ಚಿತ್ರಗಳನ್ನು ನೋಡಿರುತ್ತೀರಿ. ನಾನು ಅದನ್ನು ಹೇಳಿಕೊಡುವುದಿಲ್ಲ. ಒಣಹುಲ್ಲಿನ ನಮ್ಮ ಗುಡ್ಡಗಳಲ್ಲಿ ಒಂದು ಕಿಡಿ ಸಾಕು, ಬಣವೆ ಪಕ್ಕದಲ್ಲಿದ್ದರೆ ಕೇಳಲೇಬೇಡಿ; ಕಲ್ಲಿನ ಮೇಲೆ ಕಲೆ, ಲೆನ್ಸಿನ ಮೇಲೆ ಸುಟ್ಟ ಗುರುತು ಬೇರೆ.

ಅದಕ್ಕಿಂತ ಚೆಲುವಾದ ಸಾಧನ ನಮ್ಮಲ್ಲೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು, ಭತ್ತದ ಗದ್ದೆಗೆ ನೀರು ಕಟ್ಟಿ ಸಸಿ ನಾಟಿ ಮಾಡುವ ಮುನ್ನ ಕೆಲವು ದಿನ ಇಡೀ ಬಯಲು ಕನ್ನಡಿಯಾಗಿರುತ್ತದೆ. ಗದ್ದೆಯ ಆಚೆ ಬದುವಿನ ಮೇಲೆ ಒಬ್ಬರು ಗೋಲ ತಿರುಗಿಸಲಿ, ಈಚೆ ಬದುವಿನಿಂದ ಕ್ಯಾಮೆರಾವನ್ನು ಆದಷ್ಟು ತಗ್ಗಿಸಿ ತೆಗೆಯಿರಿ. ಗಾಳಿ ನಿಂತಿರಬೇಕು, ರೈತರ ಒಪ್ಪಿಗೆ ಇರಬೇಕು, ಬದು ತುಳಿದು ಒಡೆಯಬಾರದು. ಹಾವಿನ ಎಚ್ಚರ ಬೇರೆ ಹೇಳಬೇಕಿಲ್ಲ.

ಮನುಷ್ಯರು ಬೇಕಾದಾಗ

1949ರಲ್ಲಿ ಜೋನ್ ಮಿಲಿ ಎಂಬ ಛಾಯಾಗ್ರಾಹಕರು ಲೈಫ್ ಪತ್ರಿಕೆಗಾಗಿ ಚಿತ್ರಕಲಾವಿದ ಪಿಕಾಸೊ ಅವರ ಕೈಗೆ ಪುಟ್ಟ ದೀಪ ಕೊಟ್ಟು ಗಾಳಿಯಲ್ಲಿ ಚಿತ್ರ ಬಿಡಿಸಲು ಹೇಳಿದರು. ಆ ಚಿತ್ರಗಳಲ್ಲಿ ಗೆರೆಯೂ ಇದೆ, ಗೆರೆ ಎಳೆದವರೂ ಸ್ಪಷ್ಟವಾಗಿ ಇದ್ದಾರೆ; ಶಟರ್ ತೆರೆದಿರುವಾಗಲೇ ಫ್ಲಾಶ್ ಹೊಡೆದದ್ದು ಅದರ ಗುಟ್ಟು. ಫ್ಲಾಶಿನ ಮಿಂಚು ಎಷ್ಟು ಚಿಕ್ಕದೆಂದರೆ ಮನುಷ್ಯ ಅಲುಗಿದರೂ ಮುಖ ಮಸುಕಾಗದು. ಫ್ಲಾಶ್ ಇಲ್ಲದವರು ಟಾರ್ಚನ್ನು ಮುಖದ ಪಕ್ಕದಿಂದ ಒಂದೇ ಸೆಕೆಂಡ್ ಹಾಯಿಸಬೇಕು, ಆ ಒಂದು ಸೆಕೆಂಡ್ ಮಾತ್ರ ಚಿತ್ರಕ್ಕೆ ನಿಂತವರು ಉಸಿರು ಹಿಡಿದರೆ ಸಾಕು. ತಲೆಯ ಹಿಂದೆ ಹೊಳೆಯುವ ಆಕಾಶವಿದ್ದರೆ ಅವರು ಕೊನೆಯವರೆಗೂ ಕದಲಬಾರದು, ಇಲ್ಲವಾದರೆ ಕೆನ್ನೆಯೊಳಗೆ ನಕ್ಷತ್ರ ಕಾಣುತ್ತದೆ. ಮಕ್ಕಳ ಕೈಯಲ್ಲಿ ಈ ಕೆಲಸ ಆಗದು, ಮಕ್ಕಳಿಗೆ ಗೆರೆ ಎಳೆಯಲು ಬಿಡಿ.

ಮನೆಗೆ ಬಂದ ಮೇಲೆ

ಒಂದೇ ಎಕ್ಸ್‌ಪೋಶರಿನಲ್ಲಿ ಎಲ್ಲವೂ ಕೂಡಿಬರುವುದು ಅಪರೂಪ. ಕ್ಯಾಮೆರಾ ಅಲುಗಿಸದೆ ಎಡದಿಂದ ಬೆಳಗಿದ್ದು, ಬಲದಿಂದ ಬೆಳಗಿದ್ದು, ಬರಿಯ ಆಕಾಶ ಎಂದು ಬೇರೆ ಬೇರೆ ತೆಗೆದುಕೊಂಡು ಬಂದರೆ, ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ಪದರಗಳಾಗಿ ಒಂದರ ಮೇಲೊಂದಿಟ್ಟು, ಮೇಲಿನ ಪದರಗಳನ್ನು ‘ಲೈಟನ್ ಓನ್ಲಿ’ ವಿಧಾನಕ್ಕೆ ಬದಲಿಸಿ. ಪ್ರತಿ ಬಿಂದುವಿನಲ್ಲೂ ಹೆಚ್ಚು ಬೆಳಕಿರುವ ಪದರ ಉಳಿದುಕೊಳ್ಳುತ್ತದೆ. ಒಂದು ಕಡೆಯ ಬೆಳಕು ಅತಿಯಾಯಿತೆನಿಸಿದರೆ ಆ ಪದರವನ್ನಷ್ಟೇ ಮಂಕು ಮಾಡಿದರಾಯಿತು. ನಿಮ್ಮ ನೆರಳೋ ಟಾರ್ಚಿನ ಚುಕ್ಕೆಯೋ ಎಲ್ಲಾದರೂ ಸಿಕ್ಕಿಬಿದ್ದಿದ್ದರೆ ಅದೇ ಪದರದಲ್ಲಿ ಕಪ್ಪು ಬಳಿಯಿರಿ. ಕತ್ತಲಲ್ಲಿ ಕ್ಯಾಮೆರಾದ ಪರದೆ ಇರುವುದಕ್ಕಿಂತ ಹೆಚ್ಚು ಹೊಳೆಯುವುದರಿಂದ, ಸ್ಥಳದಲ್ಲಿ ಪರದೆಯನ್ನು ನಂಬದೆ ಹಿಸ್ಟೋಗ್ರಾಮ್, ಅಂದರೆ ಚಿತ್ರದ ಕತ್ತಲು ಬೆಳಕಿನ ಹಂಚಿಕೆ ತೋರುವ ನಕ್ಷೆ, ನೋಡಿ.

ಐಎಸ್‌ಒ, ಅಪರ್ಚರ್, ಸಮಯ ಇವನ್ನೆಲ್ಲ ಕ್ಯಾಮೆರಾ ತಾನೇ ಬರೆದಿಟ್ಟುಕೊಳ್ಳುತ್ತದೆ. ಯಾವ ಟಾರ್ಚ್, ಎಷ್ಟು ಮಡಿಕೆ ಬಟ್ಟೆ, ಯಾವ ಕಡೆಯಿಂದ, ಎಷ್ಟು ಹೊತ್ತು ಎಂಬುದನ್ನು ಬರೆದಿಡುವುದಿಲ್ಲ. ಪ್ರತಿ ಚಿತ್ರದ ನಂತರ ಅದನ್ನು ಮೊಬೈಲಿನಲ್ಲಿ ಒಂದೆರಡು ಮಾತಿನಲ್ಲಿ ಧ್ವನಿ ಮುದ್ರಿಸಿಕೊಂಡು, ಕಡತದ ಸಂಖ್ಯೆಯನ್ನೂ ಹೇಳಿಬಿಡಿ.